ಮರುಭೂಮಿ ಪಕ್ಕದ ಬೆಟ್ಟದ ಕಾಡು ನೋಡಬೇಕು, ಕುಂಭಲ್‌ಗಢಕ್ಕೆ ಹೋದವರು ಯಾರಾದ್ರೂ ಇದ್ದೀರಾ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಾವು ವಿರಾಜಪೇಟೆ ಕಡೆಯವರು, ಸಣ್ಣ ಕಾಫಿ ತೋಟ. ಈ ಸಲ ಕಕ್ಕಡದಲ್ಲಿ (ನಮ್ಮ ಜೋರು ಮಳೆಯ ತಿಂಗಳು) ಎಂಟು ದಿನ ಕರೆಂಟ್ ಇರಲಿಲ್ಲ. ಒಲೆ ಮೇಲೆ ಸಾಕ್ಸ್ ಒಣಗಿಸಿಕೊಂಡು ಕೂತಿದ್ದಾಗ ಒಂಬತ್ತನೇ ಕ್ಲಾಸಿನ ನನ್ನ ಮಗ ಕೇಳಿದ, "ಅಪ್ಪ, ಮಳೆ ಬಾರದ ಕಡೆನೂ ಬೆಟ್ಟದಲ್ಲಿ ಕಾಡಿರುತ್ತಾ?" ಪಾಠದಲ್ಲಿ ಅರಾವಳಿ ಬಂದಿತ್ತಂತೆ. ಅವತ್ತಿನಿಂದ ಅದೇ ಹುಳ ನನ್ನ ತಲೆಗೂ ಹೊಕ್ಕಿದೆ.

ಹುಡುಕಿದಾಗ ರಾಜಸ್ಥಾನದ ಕುಂಭಲ್‌ಗಢ ವನ್ಯಧಾಮ ಸಿಕ್ಕಿತು. ಒಂದು ಕಡೆ ಬೆಟ್ಟ ಕಾಡು, ಪಶ್ಚಿಮಕ್ಕೆ ಇಳಿದರೆ ಮಾರವಾಡದ ಒಣ ಬಯಲು. ಮೌಂಟ್ ಅಬು ಕೂಡ ಇದೆ, ಆದರೆ ಅಲ್ಲಿ ಜನ ಜಾಸ್ತಿ ಅಂತ ಕೇಳಿದ್ದೇನೆ. ಮಡಿಕೇರಿಯಲ್ಲಿ ಶನಿವಾರ ಭಾನುವಾರ ನೋಡಿ ನೋಡಿ ಜನಜಂಗುಳಿ ಅಂದ್ರೆ ಸಾಕಾಗಿದೆ.

ನಾವು ನಾಲ್ಕು ಜನ: ನಾನು, ಹೆಂಡತಿ, ಮಗ, ಮಾವ. ಮಾವನಿಗೆ 68, ಸೈನ್ಯದಲ್ಲಿದ್ದವರು, ನನಗಿಂತ ಚೆನ್ನಾಗಿ ನಡೀತಾರೆ. ಕಾಫಿ ಕೊಯ್ಲಿಗೆ ಮುಂಚೆ ವಾಪಸ್ ಬರಬೇಕು. ಯಾವಾಗ ಹೋಗಬೇಕು, ಕಾಡೊಳಗೆ ನಡೆಯೋಕೆ ಬಿಡ್ತಾರಾ, ಹೋದವರು ತಿಳಿಸಿ.

ಜಿಗಣೆ
ನಾನು ಅಲ್ಲಿ ಇಲ್ಲ ಅಂತ ಖುಷಿಪಡಿ. 😀

ಮಡಿಕೇರಿ ಮಂಜು
ಇಲ್ಲಿನ ಕಾಡನ್ನೇ ಪೂರ್ತಿ ನೋಡಿಲ್ಲ ಅಣ್ಣ ನಾವು. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ, ಮೂರು ವನ್ಯಧಾಮ ಮನೆ ಬಾಗಿಲಲ್ಲೇ ಇವೆ. ಎರಡು ಸಾವಿರ ಕಿಲೋಮೀಟರ್ ಆಚೆ ಮುಳ್ಳಿನ ಗಿಡ ನೋಡೋಕೆ ಹೋಗಬೇಕಾ? ಸುಮ್ನೆ ಕೇಳ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಕಕ್ಕಬ್ಬೆ ಜೇನು
ಮಂಜು, ಆ ಮುಳ್ಳಿನ ಗಿಡಕ್ಕೋಸ್ಕರವೇ ನಾನು ಮೂರು ಸಲ ಹೋಗಿ ಬಂದಿದ್ದೇನೆ. ನನ್ನ ಗಂಡನಿಗೆ ಉದಯಪುರದಲ್ಲಿ ಕೆಲಸ ಇತ್ತು. ಹಾಗಾಗಿ ಒಂದು ಸಲ ಬೇಸಿಗೆ, ಒಂದು ಸಲ ಮಳೆ ಮುಗಿದ ಮೇಲೆ, ಒಂದು ಸಲ ಚಳಿಗಾಲ ನೋಡಿದೆ. ಮೂರು ಸಲವೂ ಬೇರೆ ಬೇರೆ ಕಾಡಿಗೆ ಹೋದ ಹಾಗಿತ್ತು.

ತೋಟದಮನೆಯವರೇ, ಮೊದಲು ಕಾಲದ ವಿಷಯ. ಅಲ್ಲಿ ಒಳ್ಳೆ ಕಾಲ ಅಂದ್ರೆ ನವೆಂಬರ್‌ನಿಂದ ಫೆಬ್ರವರಿ. ನಮಗೆ ತೋಟ ಬಿಟ್ಟು ಅಲ್ಲಾಡೋಕೆ ಆಗದ ಕಾಲವೂ ಸರಿಯಾಗಿ ಅದೇ. ಹಾಗಾಗಿ ಕಾವೇರಿ ಸಂಕ್ರಮಣ ಮುಗಿಸಿ ಅಕ್ಟೋಬರ್ ಕೊನೆಗೆ ಹೊರಡಿ, ಅರೇಬಿಕಾ ಹಣ್ಣಾಗೋ ಹೊತ್ತಿಗೆ ಮನೆ ಸೇರಿ. ಆಗ ಮಳೆಯ ಹಸಿರು ಇನ್ನೂ ಸ್ವಲ್ಪ ಉಳಿದಿರುತ್ತೆ, ಕೆರೆಗಳಲ್ಲಿ ನೀರಿರುತ್ತೆ, ಮಧ್ಯಾಹ್ನ ಬಿಸಿಲು ಮಾತ್ರ ಚುರುಕು. ದೀಪಾವಳಿ ವಾರ ಬೇಡವೇ ಬೇಡ, ಗುಜರಾತಿನಿಂದ ಬರೋ ಕಾರುಗಳಿಂದ ಉದಯಪುರ ತುಂಬಿ ಹೋಗಿರುತ್ತೆ.

ಏಪ್ರಿಲ್‌ನಲ್ಲಿ ಹೋಗಿ ನಾನು ಮಾಡಿಕೊಂಡ ಪೆದ್ದುತನ ಹೇಳ್ತೇನೆ. ತಡಿಯಂಡಮೋಳ್ 1748 ಮೀಟರ್, ಅದನ್ನು ಎಷ್ಟು ಸಲ ಹತ್ತಿದ್ದೇನೋ ಲೆಕ್ಕ ಇಲ್ಲ. ಕುಂಭಲ್‌ಗಢ ಕೋಟೆ ಇರೋದು ಸುಮಾರು 1100 ಮೀಟರ್‌ನಲ್ಲಿ, ಅಂದ್ರೆ ಹೆಚ್ಚು ಕಡಿಮೆ ಮಡಿಕೇರಿ ಪೇಟೆಯ ಎತ್ತರ. ಇದೇನು ಮಹಾ ಅಂತ ಒಂದು ಲೀಟರ್ ಬಾಟಲಿ ಹಿಡಿದು ಹೊರಟೆ. ನಮ್ಮೂರಲ್ಲಿ ಬೆಟ್ಟ ಹತ್ತಿದರೆ ಬೆವರು ಇಳಿಯುತ್ತೆ, ಅಂಗಿ ಮೈಗೆ ಅಂಟುತ್ತೆ, ದಣಿವಾಯ್ತು ಅಂತ ಗೊತ್ತಾಗುತ್ತೆ. ಅಲ್ಲಿ ಬೆವರೇ ಕಾಣಲ್ಲ, ಬಂದ ಕೂಡಲೇ ಗಾಳಿ ಕುಡಿದುಬಿಡುತ್ತೆ. ಅಂಗಿ ಒಣಗಿದೆ, ಆರಾಮಾಗಿದ್ದೇನೆ ಅಂದುಕೊಂಡೆ. ಎರಡು ಗಂಟೆ ಕಳೆದ ಮೇಲೆ ತಲೆ ಸುತ್ತು, ವಾಂತಿ. ಜೊತೆಗಿದ್ದ ಗಾರ್ಡ್ ನೆರಳಲ್ಲಿ ಕೂರಿಸಿ ಉಪ್ಪು ಸಕ್ಕರೆ ನೀರು ಕುಡಿಸಿದರು. ಅಂಗಿ ನೋಡಿದರೆ ಬೆನ್ನ ಮೇಲೆ ಬಿಳಿ ಗೆರೆ ಗೆರೆ, ಉಪ್ಪು. ಅಷ್ಟು ನೀರು ಮೈಯಿಂದ ಹೋಗಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ತಲೆಗೆ ಮೂರು ಲೀಟರ್ ಇಟ್ಟುಕೊಳ್ಳಿ. ಬಾಯಾರಿಕೆ ಆಗೋ ತನಕ ಕಾಯಬೇಡಿ. ದಾರಿಯಲ್ಲಿ ತೊರೆ ಸಿಗುತ್ತೆ ಅನ್ನೋ ನಮ್ಮ ಕೊಡಗಿನ ಧೈರ್ಯ ಅಲ್ಲಿ ನಡೆಯಲ್ಲ.

ತೋಟದಮನೆ
ಅಕ್ಕ, ಇದನ್ನು ಮಾವನಿಗೆ ಓದಿ ಹೇಳಿದೆ. ಅವರು ಜೈಸಲ್ಮೇರ್ ಕಡೆ ಮೂರು ವರ್ಷ ಇದ್ದವರು. "ಒಂದು ಮಗ್ ನೀರಲ್ಲಿ ಶೇವ್ ಮಾಡಿ, ಅದೇ ನೀರಲ್ಲಿ ಮುಖ ತೊಳೆದು, ಉಳಿದಿದ್ದನ್ನು ಗಿಡಕ್ಕೆ ಹಾಕ್ತಿದ್ವಿ, ನೀವು ಹಲ್ಲುಜ್ಜೋಕೆ ಅರ್ಧ ಡ್ರಮ್ ಖಾಲಿ ಮಾಡ್ತೀರಿ" ಅಂತ ನನಗೆ ಬೈದರು. ನೀರಿನ ಉಸ್ತುವಾರಿ ಅವರಿಗೇ ಬಿಟ್ಟಿದ್ದೇನೆ.

ಹಳೇ ರೇಂಜರ್
ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಇಲಾಖೆಯಲ್ಲಿದ್ದವನು, ನಿವೃತ್ತಿ ಆಗಿ ಹನ್ನೊಂದು ವರ್ಷ. ತರಬೇತಿಗೆ ಅಂತ ಒಮ್ಮೆ ಆ ಕಡೆ ಕಳಿಸಿದ್ದರು.

ನಿಮ್ಮ ಮಗ ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಸಹ್ಯಾದ್ರಿ ಮಳೆ ಮೋಡಕ್ಕೆ ಅಡ್ಡ ನಿಂತಿದೆ. ಅರಬ್ಬಿ ಸಮುದ್ರದ ಮೋಡ ಬಂದು ಗುದ್ದಿ, ಮೇಲೆ ಏರಿ, ತಣ್ಣಗಾಗಿ ಭಾಗಮಂಡಲದ ಮೇಲೆ ಸುರಿಯುತ್ತೆ. ಅರಾವಳಿ ಹಾಗೆ ಅಡ್ಡ ನಿಂತಿಲ್ಲ. ಗುಜರಾತ್ ಕಡೆಯಿಂದ ದೆಹಲಿ ತನಕ ನೈಋತ್ಯದಿಂದ ಈಶಾನ್ಯಕ್ಕೆ ಮಲಗಿದೆ, ಗಾಳಿ ಬೀಸೋ ದಿಕ್ಕಿಗೇ. ಮೋಡ ಅದರ ಪಕ್ಕದಲ್ಲೇ ಸಾಗಿ ಹೋಗುತ್ತೆ. ಬಂಗಾಳ ಕೊಲ್ಲಿಯ ಕಡೆಯಿಂದ ಬರೋ ಮೋಡ ಅಲ್ಲಿಗೆ ಮುಟ್ಟೋ ಹೊತ್ತಿಗೆ ಖಾಲಿಯಾಗಿರುತ್ತೆ. ನಮ್ಮ ತೋಟದ ಲೆಕ್ಕದಲ್ಲಿ ಹೇಳೋದಾದರೆ ಜೈಸಲ್ಮೇರ್‌ಗೆ ಇಡೀ ವರ್ಷಕ್ಕೆ ಸುಮಾರು 8 ಇಂಚು. ಅಷ್ಟನ್ನು ನಾವು ಒಂದೇ ದಿನದಲ್ಲಿ ಅಳೆದು ಪುಸ್ತಕದಲ್ಲಿ ಬರೆದಿದ್ದಿದೆ.

ಕುಂಭಲ್‌ಗಢದ ಬೆಟ್ಟಕ್ಕೆ ಅದಕ್ಕಿಂತ ತುಂಬಾ ಜಾಸ್ತಿ ಬರುತ್ತೆ, ಅದರಲ್ಲೇ ಆ ಕಾಡು ನಿಂತಿರೋದು. ಆದರೆ ಬರೋದೆಲ್ಲ ಎರಡು ಮೂರು ತಿಂಗಳಲ್ಲಿ ಬಂದು ಮುಗಿಯುತ್ತೆ. ಉಳಿದ ಒಂಬತ್ತು ತಿಂಗಳು ಮರ ಉಸಿರು ಬಿಗಿ ಹಿಡಿದು ನಿಂತಿರುತ್ತೆ.

ನೀರು ಹರಿಯೋ ದಿಕ್ಕನ್ನೂ ನೋಡಿ. ಪೂರ್ವದ ಇಳಿಜಾರಿನ ಬನಾಸ್ ನದಿ ಅಲ್ಲೇ ಹುಟ್ಟೋದು, ಚಂಬಲ್ ಸೇರಿ, ಯಮುನೆ ಸೇರಿ, ಗಂಗೆ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತೆ. ಪಶ್ಚಿಮಕ್ಕೆ ಇಳಿದ ಹಳ್ಳಗಳು ಲೂನಿ ಸೇರ್ತವೆ. ಲೂನಿ ಸಮುದ್ರ ಮುಟ್ಟೋದೇ ಇಲ್ಲ, ಉಪ್ಪುಪ್ಪಾಗುತ್ತಾ ಹೋಗಿ ಕಛ್‌ನ ರಣದಲ್ಲಿ ಇಂಗಿ ಹೋಗುತ್ತೆ. ತಲಕಾವೇರಿಯಲ್ಲಿ ನಿಂತವರಿಗೆ ಇದು ಹೊಸದಲ್ಲ. ಇತ್ತ ಬಿದ್ದ ಹನಿ ಕಾವೇರಿ, ಅತ್ತ ಬಿದ್ದದ್ದು ಪಯಸ್ವಿನಿ. ಆದರೆ ನಮ್ಮ ಎರಡೂ ಹನಿ ಕಡಲು ಸೇರುತ್ತೆ.

ಇನ್ನೊಂದು, ಅಲ್ಲಿಂದ ಮರಳು ದಿಬ್ಬ ಕಾಣುತ್ತೆ ಅಂತ ಹೋಗಬೇಡಿ. ಬೆಟ್ಟದ ಬುಡದಲ್ಲಿರೋದು ಗೋಡ್ವಾಡ್ ಸೀಮೆ. ಮುಳ್ಳುಮರ, ಹೊಲ, ಕಲ್ಲುಗುಡ್ಡ. ನಿಜವಾದ ಮರಳು ಜೋಧ್‌ಪುರದಿಂದಲೂ ಆಚೆ.

ಕಕ್ಕಬ್ಬೆ ಜೇನು
ಸರ್ ಹೇಳಿದ್ದು ನಿಜ. ಕೋಟೆ ತುದಿಯ ಬಾದಲ್ ಮಹಲ್‌ನಿಂದ ಥಾರ್ ಮರಳು ಕಾಣುತ್ತೆ ಅಂತ ಜಾಹೀರಾತಲ್ಲಿ ಬರೀತಾರೆ. ಮೂರು ಸಲ ಹತ್ತಿದರೂ ನನಗಂತೂ ಕಂಡಿಲ್ಲ. ಕಂಡಿದ್ದು ಏನಪ್ಪ ಅಂದ್ರೆ, ಕಾಡು ನಿಧಾನವಾಗಿ ತೆಳ್ಳಗಾಗುತ್ತಾ ಹೋಗಿ, ಕೆಳಗೆ ಬಯಲು, ಆಮೇಲೆ ಕಂದು ಬಣ್ಣದ ಧೂಳಿನ ಮಂಜು. ನಮ್ಮ ಕಡೆ ಮಂಜು ಅಂದ್ರೆ ನೀರು, ಅಲ್ಲಿ ಮಂಜು ಅಂದ್ರೆ ಧೂಳು. ನನಗೆ ಅಷ್ಟು ಸಾಕಾಗಿತ್ತು.

ಮಡಿಕೇರಿ ಮಂಜು
ನನ್ನ ಹೆಸರಿಗೆ ಧೂಳು ಹಾಕಿದ್ರಲ್ಲ ಅಕ್ಕ. ಸರಿ, ಈಗ ನನಗೂ ಆಸೆ ಹುಟ್ಟಿತು. ಪ್ರಾಣಿ ಏನೇನಿದೆ?

ಹಳೇ ರೇಂಜರ್
1971ರಲ್ಲಿ ವನ್ಯಧಾಮ ಆಯ್ತು, ಸುಮಾರು 610 ಚದರ ಕಿಲೋಮೀಟರ್, ರಾಜ್‌ಸಮಂದ್, ಉದಯಪುರ, ಪಾಲಿ, ಮೂರು ಜಿಲ್ಲೆಗೆ ಹರಡಿದೆ. ನಮ್ಮ ಮೂರೂ ವನ್ಯಧಾಮ ಕೂಡಿಸಿದರೂ ಅಷ್ಟಾಗಲ್ಲ. ಚಿರತೆ, ಕರಡಿ, ಕತ್ತೆಕಿರುಬ, ಕಡವೆ, ನೀಲಗಾಯ್, ಕೊಂಡುಕುರಿ ಇವೆ. ಎಲ್ಲಕ್ಕಿಂತ ಹೆಸರುವಾಸಿ ಅಂದ್ರೆ ತೋಳ. ನಮ್ಮಲ್ಲಿ ಸೀಳುನಾಯಿ ನೋಡಿರ್ತೀರಿ, ತೋಳ ನೋಡಿರಲ್ಲ.

ಆನೆ ಇಲ್ಲ. ಇದನ್ನು ಬೇರೆಯಾಗಿ ಹೇಳಬೇಕು. ನಾವು ಕೊಡಗಿನವರು ಕಾಡಲ್ಲಿ ನಡೆಯೋದು ಕಿವಿಯಲ್ಲಿ. ಬಿದಿರು ಮುರಿದ ಸದ್ದು, ಹಸಿ ಲದ್ದಿ ವಾಸನೆ, ತಿರುವಿನ ಆಚೆ ಏನಿದೆ ಅನ್ನೋ ಅಂಜಿಕೆ. ಅಲ್ಲಿ ನಡೆಯುವಾಗ ಮೊದಲ ಒಂದು ಗಂಟೆ ನನ್ನ ಕಿವಿ ಹಾಗೇ ಕೆಲಸ ಮಾಡ್ತಿತ್ತು. ಆಮೇಲೆ ಅದಕ್ಕೆ ಕೆಲಸ ಇಲ್ಲ ಅಂತ ಗೊತ್ತಾಗಿ ಏನೋ ಕಳೆದುಕೊಂಡ ಹಾಗಾಯಿತು. ಹಾಗಂತ ಮೈಮರೆಯಬೇಡಿ. ಕರಡಿ ಇದೆ, ಬೆಳಕು ಹರಿಯೋ ಮುಂಚೆ ಕಾಲುದಾರಿಗೆ ಇಳಿಯಬೇಡಿ.

ಗೋಣಿಕೊಪ್ಪ ಗಿರಾಕಿ
ಆನೆ ಇಲ್ಲದ ಕಾಡಾ? ನಾಳೆನೇ ಶಿಫ್ಟ್ ಆಗ್ತೇನೆ. ನಿನ್ನೆ ರಾತ್ರಿ ನಮ್ಮ ಬಾಳೆ ಪೂರ್ತಿ ಹೋಯ್ತು.

ಸೋಮವಾರಪೇಟೆ ಟೀಚರ್
ಸರ್, ನನ್ನದೊಂದು ಪ್ರಶ್ನೆ. ಒಂಟೆ ಕಾಯೋ ರಾಯ್ಕಾ ಜನ ಮಳೆಗಾಲದಲ್ಲಿ ಇದೇ ಕಾಡಲ್ಲಿ ಮೇಯಿಸ್ತಿದ್ದರು, ವನ್ಯಧಾಮ ಆದ ಮೇಲೆ ಅದಕ್ಕೆ ತಡೆ ಬಿತ್ತು ಅಂತ ಓದಿದ್ದೆ. ಕೆಳಗಿನ ಬಯಲಲ್ಲಿ ಬೆಳೆ ನಿಂತಿರೋ ತಿಂಗಳುಗಳಲ್ಲಿ ಒಂಟೆ ಎಲ್ಲಿಗೆ ಹೋಗಬೇಕು? 2019ರ ಜಾನುವಾರು ಗಣತಿಯಲ್ಲಿ ದೇಶದ ಒಂಟೆ ಎರಡೂವರೆ ಲಕ್ಷಕ್ಕೆ ಇಳಿದಿತ್ತು, 2012ರಲ್ಲಿ ನಾಲ್ಕು ಲಕ್ಷ ಇತ್ತು. 2014ರಲ್ಲಿ ರಾಜ್ಯ ಪ್ರಾಣಿ ಅಂತ ಘೋಷಣೆ ಮಾಡಿದ್ದೂ ಅದೇ ರಾಜಸ್ಥಾನ.

ಹಳೇ ರೇಂಜರ್
ಟೀಚರ್, ಒಂಟೆ ಕಡಿಮೆಯಾಗೋಕೆ ಮೇವು ಒಂದೇ ಕಾರಣ ಅಲ್ಲ. ಟ್ರ್ಯಾಕ್ಟರ್ ಬಂತು, ರಸ್ತೆ ಬಂತು, ಒಂಟೆಯ ಕೆಲಸ ಹೋಯ್ತು. 2015ರ ಕಾನೂನು ಕಡಿಯೋದನ್ನು, ಹೊರ ರಾಜ್ಯಕ್ಕೆ ಸಾಗಿಸೋದನ್ನು ತಡೆದ ಮೇಲೆ ಸಾಕೋರಿಗೆ ಮಾರೋಕೂ ಕಷ್ಟ ಆಯ್ತು. ಆದರೆ ಮೇವಿನ ವಿಷಯ ನೀವು ಹೇಳಿದ್ದು ಸುಳ್ಳಲ್ಲ. ನಾನು ಯೂನಿಫಾರ್ಮ್ ಹಾಕಿದವನು, ಹಾಗಾಗಿ ಕಾಡಿಗೆ ದನ ಬಿಡಿ ಅಂತ ನನ್ನ ಬಾಯಲ್ಲಿ ಸುಲಭಕ್ಕೆ ಬರಲ್ಲ. ಆದರೂ ಒಬ್ಬ ಮುದುಕ ಅಲ್ಲಿ ನಮಗೆ ಹೇಳಿದ್ದು ನೆನಪಿದೆ: ಒಂಟೆ ಒಂದು ಮರದ ಹತ್ತಿರ ನಿಲ್ಲಲ್ಲ, ಎರಡು ಬಾಯಿ ತಿಂದು ಮುಂದೆ ಹೋಗುತ್ತೆ, ಕಾಡು ಹಾಳು ಮಾಡೋದು ನಿಂತು ತಿನ್ನೋರು. ನಮ್ಮ ತರಬೇತಿಯಲ್ಲಿ ಇದನ್ನು ಯಾರೂ ಬರೆದುಕೊಳ್ಳಲಿಲ್ಲ.

ಈಗ ಅದನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡೋಕೆ 2023ರಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕಿದೆ. ನಾಗರಹೊಳೆಯಲ್ಲಿ ಹಾಡಿಗಳನ್ನು ಎಬ್ಬಿಸಿದಾಗ ಏನೇನಾಯ್ತು ಅಂತ ಗೊತ್ತಿರೋ ನಮ್ಮೂರವರು ಆ ಸುದ್ದಿ ಓದೋ ರೀತಿಯೇ ಬೇರೆ.

ಮಡಿಕೇರಿ ಮಂಜು
ಹುಲಿ ಬಂದರೆ ಕಾಡು ಉಳಿಯುತ್ತೆ ಸರ್. ಗಣಿ, ರೆಸಾರ್ಟ್ ಎಲ್ಲ ನಿಲ್ಲುತ್ತೆ.

ಸೋಮವಾರಪೇಟೆ ಟೀಚರ್
ರೆಸಾರ್ಟ್ ನಿಲ್ಲುತ್ತಾ? ನಾಗರಹೊಳೆ ಸುತ್ತ ಒಂದು ರೌಂಡ್ ಹೋಗಿ ಬನ್ನಿ, ಆಮೇಲೆ ಮಾತಾಡೋಣ.

ಮಡಿಕೇರಿ ಮಂಜು
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. 🙏

ಕುಶಾಲನಗರ ಎಕ್ಸ್‌ಪ್ರೆಸ್
ಜಗಳ ಆಮೇಲೆ, ಮೊದಲು ಹೋಗೋ ದಾರಿ ಹೇಳ್ತೇನೆ. ನಮ್ಮ ಜಿಲ್ಲೆಗೆ ರೈಲೇ ಇಲ್ಲ (ನನ್ನ ಹೆಸರು ಒಂದು ಕನಸು), ಮೈಸೂರಿಗೆ ಹೋಗಬೇಕು. ಅಲ್ಲಿಂದ ಉದಯಪುರಕ್ಕೆ ವಾರಕ್ಕೊಮ್ಮೆ ಹಮ್‌ಸಫರ್ ಇದೆ, ಎರಡು ರಾತ್ರಿ ಪ್ರಯಾಣ. ಅಜ್ಮೇರ್ ಎಕ್ಸ್‌ಪ್ರೆಸ್ ಕೂಡ ಇದೆ, ಅದರಲ್ಲಿ ಹೋದರೆ ಪಶ್ಚಿಮದ ಕಡೆ ಫಾಲ್ನಾದಲ್ಲಿ ಇಳಿಯಬಹುದು, ಬೆಟ್ಟದ ಕೆಳಗಿನ ಜೈನ ದೇವಸ್ಥಾನದ ಊರು ರಾಣಕ್‌ಪುರಕ್ಕೆ ಹತ್ತಿರದ ಸ್ಟೇಷನ್ ಅದೇ. ನನ್ನ ಕೇಳಿದರೆ ಉದಯಪುರಕ್ಕೆ ಹೋಗಿ, ಫಾಲ್ನಾದಿಂದ ವಾಪಸ್ ಬನ್ನಿ. ಹಸಿರು ಕಡೆಯಿಂದ ಹತ್ತಿ ಒಣ ಕಡೆ ಇಳಿದ ಹಾಗಾಗುತ್ತೆ. ಉದಯಪುರದಿಂದ ಕುಂಭಲ್‌ಗಢ ಸುಮಾರು 85 ಕಿಲೋಮೀಟರ್, ಘಾಟ್ ರಸ್ತೆ, ಮೂರು ಗಂಟೆ ಇಟ್ಟುಕೊಳ್ಳಿ.

ರೈಲು ಹುಚ್ಚು ಇದ್ದವರಿಗೆ ಇನ್ನೊಂದು. ಸ್ವಲ್ಪ ಉತ್ತರಕ್ಕೆ, ಮಾರವಾಡ ಜಂಕ್ಷನ್‌ನಿಂದ ಗೋರಮ್ ಘಾಟ್ ಹತ್ತೋ ಮೀಟರ್ ಗೇಜ್ ಹಳಿ ಈಗಲೂ ಇದೆ. 2023ರ ಅಕ್ಟೋಬರ್‌ನಿಂದ ಅದರ ಮೇಲೆ ಪ್ರವಾಸಿಗರ ಪಾರಂಪರಿಕ ರೈಲೂ ಓಡ್ತಿದೆ. ಬಯಲಿನಿಂದ ಬೆಟ್ಟಕ್ಕೆ ರೈಲಲ್ಲಿ ಹತ್ತೋದು, ಸುರಂಗ, ಸೇತುವೆ. ಅದೊಂದಕ್ಕೇ ನಾನು ಒಂದು ದಿನ ಕೊಟ್ಟಿದ್ದೆ.

ಕಕ್ಕಬ್ಬೆ ಜೇನು
ನಡಿಗೆಗೆ ಬರೋಣ. ಕುಂಭಲ್‌ಗಢದಿಂದ ರಾಣಕ್‌ಪುರಕ್ಕೆ ಕಾಡೊಳಗೆ ಇಳಿಯೋ ಕಾಲುದಾರಿ ಇದೆ. ಅರ್ಧ ದಿನ ಬೇಕು, ಇಳಿಜಾರೇ ಜಾಸ್ತಿ, ಮಾವನವರಿಗೆ ಮೊಣಕಾಲು ಗಟ್ಟಿ ಇದ್ದರೆ ಸಾಕು. ಅರಣ್ಯ ಇಲಾಖೆಯ ಅನುಮತಿ ಮತ್ತು ಗೈಡ್ ಕಡ್ಡಾಯ. ನಮ್ಮಲ್ಲೂ 2024ರ ನಂತರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತಲ್ಲ, ಹಾಗೇ ಅಂದುಕೊಳ್ಳಿ. ಶುಲ್ಕ, ನಿಯಮ ಬದಲಾಗ್ತಾ ಇರುತ್ತೆ, ಹಿಂದಿನ ದಿನವೇ ಅಲ್ಲಿನ ಗೇಟಿಗೆ ಹೋಗಿ ಕೇಳಿ.

ಮಧ್ಯವರ್ತಿಗಳ ಬಗ್ಗೆ ಮಾತ್ರ ಹುಷಾರು. ಎರಡನೇ ಸಲ ನಾವು ಯಾರೋ ಏಜೆಂಟ್‌ಗೆ ಮುಂಗಡ ಕೊಟ್ಟು, ಪ್ರಾಣಿ ಪಕ್ಷಿ ಬಲ್ಲ ಗೈಡ್ ಬರ್ತಾರೆ ಅಂತ ನಂಬಿಕೊಂಡಿದ್ವಿ. ಬೆಳಿಗ್ಗೆ ಬಂದದ್ದು ಕಾರ್ ಡ್ರೈವರ್. ಪಾಪ ಅವನಿಗೆ ರಸ್ತೆ ಬಿಟ್ಟರೆ ಏನೂ ಗೊತ್ತಿಲ್ಲ, ಕೈಯಲ್ಲಿ ಅನುಮತಿ ಚೀಟಿಯೂ ಇಲ್ಲ. ಗೇಟಲ್ಲೇ ವಾಪಸ್ ಕಳಿಸಿದರು. ಮುಂಗಡ ಇವತ್ತಿಗೂ ಬಂದಿಲ್ಲ. ಮಾರನೇ ದಿನ ನೇರವಾಗಿ ಗೇಟಿಗೆ ಹೋಗಿ ಆ ಊರಿನವರೇ ಒಬ್ಬರನ್ನು ಕರೆದುಕೊಂಡು ಹೋದ್ವಿ, ಖರ್ಚು ಅರ್ಧಕ್ಕಿಂತ ಕಡಿಮೆ, ಮರದ ಮೇಲಿನ ಕರಡಿ ಉಗುರಿನ ಗುರುತಿನಿಂದ ಹಿಡಿದು ಎಲ್ಲ ತೋರಿಸಿದರು.

ಚಪ್ಪಲಿ ಬೇಡ. ಜಾಲಿ ಮುಳ್ಳು ಹವಾಯಿ ಚಪ್ಪಲಿ ದಾಟಿ ಕಾಲಿಗೆ ಬರುತ್ತೆ. ನಮ್ಮ ಜಿಗಣೆ ಸಾಕ್ಸ್ ಮನೆಯಲ್ಲೇ ಬಿಡಿ.

ಜಿಗಣೆ
ನನಗೆ ಅವಮಾನ.

ಗೋಣಿಕೊಪ್ಪ ಗಿರಾಕಿ
ಊಟ? ಪಂದಿ ಕರಿ ಸಿಗಲ್ಲ ಅಂತ ಗೊತ್ತು, ಆದರೂ ಕೇಳ್ತೇನೆ.

ಕಕ್ಕಬ್ಬೆ ಜೇನು
ಉದಯಪುರದಲ್ಲಿ ಲಾಲ್ ಮಾಸ್ (ಕೆಂಪು ಖಾರದ ಮಟನ್ ಸಾರು) ಸಿಗುತ್ತೆ, ಖಾರ ನಿಮ್ಮ ನಾಲಿಗೆಗೆ ಸಾಲುತ್ತೆ. ರಾಣಕ್‌ಪುರ ಜೈನರ ಕ್ಷೇತ್ರ, ಅಲ್ಲಿ ಅದನ್ನೆಲ್ಲ ಕೇಳಬೇಡಿ. ಕೇರ್ ಸಾಂಗ್ರಿ ಪಲ್ಯ ತಿನ್ನಿ. ಸಾಂಗ್ರಿ ಅಂದ್ರೆ ಏನು ಗೊತ್ತಾ, ದಸರಾಕ್ಕೆ ನಾವು ಪೂಜೆ ಮಾಡೋ ಬನ್ನಿ ಮರದ ಕಾಯಿ. ನಾವು ಎಲೆ ಹಂಚಿಕೊಳ್ತೇವೆ, ಅವರು ಕಾಯಿ ಒಣಗಿಸಿಟ್ಟು ವರ್ಷವಿಡೀ ತಿಂತಾರೆ. ಆ ಒಣಗಿದ ಕಾಯಿ ಒಂದು ಕೆಜಿ ತಂದು ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಲಿ ಹಾಕಿ ಮಾಡಿ ನೋಡಿದೆ. ನಮ್ಮ ಅತ್ತೆ ಎರಡನೇ ಸಲ ಬಡಿಸಿಕೊಂಡರು, ಅಷ್ಟೇ ಹೇಳ್ತೇನೆ.

ಹಳೇ ರೇಂಜರ್
ಮರೆತಿದ್ದೆ. ದಾರಿಯಲ್ಲಿ 'ಓರಣ್' ಅಂತ ಯಾರಾದ್ರೂ ತೋರಿಸಿದರೆ ನಿಂತು ನೋಡಿ. ದೇವರ ಹೆಸರಲ್ಲಿ ಬಿಟ್ಟ ಕಾಡು, ಕೊಡಲಿ ಹಾಕೋ ಹಾಗಿಲ್ಲ. ನಮ್ಮ ದೇವಕಾಡಿನ ಅಣ್ಣ ತಮ್ಮ. ಒಂದೇ ವ್ಯತ್ಯಾಸ, ಅಲ್ಲಿ ದನ ಕುರಿ ಮೇಯೋಕೆ ಬಿಡ್ತಾರೆ. ನೆರಳು, ನೀರು ಅಷ್ಟು ಕಡಿಮೆ ಇರೋ ಕಡೆ ದೇವರೂ ಸ್ವಲ್ಪ ಹೊಂದಿಕೊಂಡಿದ್ದಾನೆ.

ತೋಟದಮನೆ
ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್ ಮಾಡಿಸಿದೆ. ಸಂಕ್ರಮಣ ಕಳೆದು ಹೊರಡ್ತೇವೆ. ಬಂದು ಬರೀತೇನೆ.

*(ಎರಡು ತಿಂಗಳ ನಂತರ)*

ತೋಟದಮನೆ
ಬರೀತೇನೆ ಅಂದಿದ್ದೆ, ಕೊಯ್ಲು ಶುರುವಾಗಿ ತಡವಾಯ್ತು. ಉದ್ದ ಇದೆ, ಕಾಫಿ ಹಿಡಿದು ಕೂತು ಓದಿ.

ಹಮ್‌ಸಫರ್‌ನಲ್ಲಿ ಎರಡು ರಾತ್ರಿ ಆರಾಮಾಗಿ ಕಳೆಯಿತು. ಉದಯಪುರದ ಬಗ್ಗೆ ಬರೆಯಲ್ಲ, ಎಲ್ಲರೂ ಬರೆದಿದ್ದಾರೆ. ಕುಂಭಲ್‌ಗಢಕ್ಕೆ ಹೋಗೋ ಘಾಟಲ್ಲಿ ಕಣಿವೆ ಕಣಿವೆಗೂ ಸಣ್ಣ ಸಣ್ಣ ಹೊಲ, ಬಾವಿಗೆ ಎತ್ತು ಕಟ್ಟಿ ತಿರುಗಿಸೋ ರಹಟ್ ಇನ್ನೂ ಕೆಲವು ಕಡೆ ಇದೆ. ಚಕ್ರದ ಸುತ್ತ ಡಬ್ಬಗಳ ಮಾಲೆ, ಒಂದೊಂದು ಡಬ್ಬವೂ ಅರ್ಧ ಬಿಂದಿಗೆ ನೀರು ತಂದು ಕಾಲುವೆಗೆ ಸುರಿಯುತ್ತೆ. ಮಾವ ಕಾರು ನಿಲ್ಲಿಸಿ ಮುಕ್ಕಾಲು ಗಂಟೆ ಅಲ್ಲೇ ನಿಂತುಬಿಟ್ಟರು. ನಾನು ಹತ್ತು ಎಚ್‌ಪಿ ಮೋಟಾರ್ ಇಟ್ಟು ಕೆರೆಯಿಂದ ಹೂ ಮಳೆಗೆ (ಕಾಫಿ ಹೂ ಅರಳಿಸೋ ಮಳೆ) ಬದಲು ಸ್ಪ್ರಿಂಕ್ಲರ್ ಹೊಡೆಯೋನು, ಸುಮ್ನೆ ನೋಡ್ತಾ ನಿಂತೆ.

ಕೋಟೆ ದೊಡ್ಡದು. 15ನೇ ಶತಮಾನದಲ್ಲಿ ರಾಣಾ ಕುಂಭ ಕಟ್ಟಿಸಿದ್ದು. ಗೋಡೆ 36 ಕಿಲೋಮೀಟರ್ ಅಂತಾರೆ, ಬೆಟ್ಟದ ಬೆನ್ನ ಮೇಲೆ ಹಾವಿನ ಹಾಗೆ ಹೋಗುತ್ತೆ. ಮಹಾರಾಣಾ ಪ್ರತಾಪ್ 1540ರಲ್ಲಿ ಹುಟ್ಟಿದ ಕೋಣೆ ಅಂತ ಒಂದನ್ನು ತೋರಿಸಿದರು. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆರು ಗಿರಿದುರ್ಗಗಳಲ್ಲಿ ಇದೂ ಒಂದು. ಮಗನಿಗೆ ಇದೆಲ್ಲ ಬೇಕಿತ್ತು, ನನಗೆ ಬೇಕಿದ್ದದ್ದು ಬಾದಲ್ ಮಹಲ್ ಕಿಟಕಿ. ಪೂರ್ವಕ್ಕೆ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ, ಥೇಟ್ ರಾಜಾಸೀಟಿನಿಂದ ನೋಡಿದ ಹಾಗೆ, ಹಸಿರು ಮಾತ್ರ ಹಳೇ ಯೂನಿಫಾರ್ಮ್ ಬಣ್ಣದ್ದು. ಪಶ್ಚಿಮಕ್ಕೆ ಜೇನಕ್ಕ ಹೇಳಿದ ಕಂದು ಮಂಜು. ಸಂಜೆ ಸೂರ್ಯ ಅದರೊಳಗೆ ಮುಳುಗಲಿಲ್ಲ, ಕರಗಿ ಹೋದ.

ಮಾರನೇ ದಿನ ನಡಿಗೆ. ಅಕ್ಕ ಹೇಳಿದ ಹಾಗೆ ಹಿಂದಿನ ಸಂಜೆಯೇ ಗೇಟಿಗೆ ಹೋಗಿ ಗೈಡ್ ಗೊತ್ತುಮಾಡಿಕೊಂಡ್ವಿ. ಐವತ್ತರ ಆಸುಪಾಸಿನ ಮನುಷ್ಯ, ಮಾವನ ಫೌಜಿ ಹಿಂದಿ ಕೇಳಿ ನಗ್ತಾ ನಗ್ತಾ ಸ್ನೇಹಿತ ಆಗಿಬಿಟ್ಟ. ಬೆಳಕು ಹರಿದ ಮೇಲೆ ಹೊರಟ್ವಿ. ನಾಲ್ಕು ಜನಕ್ಕೆ ಹನ್ನೆರಡು ಲೀಟರ್ ನೀರು, ಮಾವ ಗಂಟೆಗೊಮ್ಮೆ ಸೀಟಿ ಹೊಡೆದು ಎಲ್ಲರಿಗೂ ಕುಡಿಸ್ತಿದ್ದರು. ನನ್ನ ಹೆಂಡತಿ "ಮಿಲಿಟರಿ ಕ್ಯಾಂಪಿಗೆ ಬಂದ ಹಾಗಿದೆ" ಅಂದಳು. ಆದರೆ ಯಾರಿಗೂ ತಲೆ ಸುತ್ತಲಿಲ್ಲ.

ಮೇಲಿನ ಕಾಡು ನಾನು ಅಂದುಕೊಂಡಿದ್ದಕ್ಕಿಂತ ದಟ್ಟ. ಧೋಕ್ ಅಂತ ಒಂದು ಮರ, ಎಲ್ಲ ಕಡೆ ಅದೇ. ಸಣ್ಣ ಎಲೆ, ಬಂಡೆ ಸಂದಿಯಲ್ಲೂ ಬೇರು ತೂರಿಸಿ ನಿಂತಿದೆ. ಚಳಿ ಜೋರಾದಾಗ ಎಲೆ ತಾಮ್ರದ ಬಣ್ಣಕ್ಕೆ ತಿರುಗಿ ಉದುರುತ್ತಂತೆ, ನಾವು ಹೋದಾಗ ಇನ್ನೂ ಶುರುವಾಗಿರಲಿಲ್ಲ. ಮುತ್ತುಗ ಇತ್ತು, ಈಚಲು ಇತ್ತು. ಹಳ್ಳದ ಹತ್ತಿರ ಬಂದಾಗ ಒಂದು ಕೂಗು ಕೇಳಿ ನಾವು ನಾಲ್ಕೂ ಜನ ಒಟ್ಟಿಗೆ ನಿಂತ್ವಿ. ನಮ್ಮ ಕಾಡುಕೋಳಿ! ತೋಟದ ಬೇಲಿ ಹತ್ತಿರ ದಿನಾ ಬೆಳಿಗ್ಗೆ ಕೂಗೋ ಅದೇ ಬೂದು ಕಾಡುಕೋಳಿ, ಅದೇ ಒಡಕು ದನಿ. ಗೈಡ್‌ಗೆ ಆಶ್ಚರ್ಯ, ಈ ಹಕ್ಕಿ ನೋಡೋಕೆ ಕ್ಯಾಮೆರಾ ಹಿಡಿದು ಜನ ಬರ್ತಾರೆ, ನೀವು ಕೇಳಿ ನಗ್ತಿದ್ದೀರಿ ಅಂತ.

ರೇಂಜರ್ ಸರ್, ಕಿವಿ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು. ಮಗ ಪ್ರತಿ ತಿರುವಿನಲ್ಲೂ ನಿಂತು ಆಲಿಸ್ತಿದ್ದ. ಕೊನೆಗೆ ಗೈಡ್ ಕೇಳಿದ, ಹುಡುಗನಿಗೆ ಭಯನಾ ಅಂತ. ಆನೆ ಕಥೆ ಹೇಳಿದೆ. ಅವನು ಆನೆಯನ್ನು ಉದಯಪುರದ ಮೆರವಣಿಗೆಯಲ್ಲಿ ಬಿಟ್ಟರೆ ನೋಡಿದ್ದಿಲ್ಲ.

ತೋಳ ಕಾಣಲಿಲ್ಲ. ಒದ್ದೆ ಮಣ್ಣಲ್ಲಿ ಹೆಜ್ಜೆ ತೋರಿಸಿದ, ನಾಯಿ ಹೆಜ್ಜೆ ಹಾಗೇ ಇತ್ತು, ನಂಬಿದೆ. ಕಂಡದ್ದು ನೀಲಗಾಯ್, ಮುಸಿಯ, ದೂರದಲ್ಲಿ ಒಂದು ಕಡವೆ. ಕರಡಿ ಅಗೆದ ಹುತ್ತ ಮೂರು ಕಡೆ.

ಇಳಿದ ಹಾಗೆ ಮರ ಗಿಡ್ಡ ಆಯ್ತು, ನೆರಳು ತೆಳ್ಳಗಾಯ್ತು, ಗಾಳಿ ಬಿಸಿ ಆಯ್ತು. ಎಲ್ಲಿ ಬದಲಾಯ್ತು ಅಂತ ಬೆರಳು ಇಟ್ಟು ತೋರಿಸೋಕೆ ಆಗಲ್ಲ. ಕೆಳಗೆ ಬಂದ ಮೇಲೆ ನಮ್ಮ ಬಳ್ಳಾರಿ ಜಾಲಿ ಬೇಲಿ ಬೇಲಿಯಲ್ಲೂ. ನಮಗೆ ಲಂಟಾನ ಕಾಟ ಕೊಟ್ಟ ಹಾಗೆ ಅವರಿಗೆ ಅದು.

ರಾಣಕ್‌ಪುರದ ದೇವಸ್ಥಾನದಲ್ಲಿ ಪ್ರವಾಸಿಗರಿಗೆ ಮಧ್ಯಾಹ್ನದ ಮೇಲೆ ಪ್ರವೇಶ, ಚರ್ಮದ ಬೆಲ್ಟ್ ಹೊರಗೇ ಬಿಡಬೇಕು. 1444 ಅಮೃತಶಿಲೆ ಕಂಬ ಅಂತಾರೆ. ಬಿಸಿಲಿನಿಂದ ಒಳಗೆ ಹೋಗಿ ಆ ತಣ್ಣನೆ ನೆಲದ ಮೇಲೆ ಬರಿಗಾಲು ಇಟ್ಟ ಸುಖ ಇದೆಯಲ್ಲ, ಕೆತ್ತನೆ ನೋಡಿದ್ದು ಅದಾದ ಹತ್ತು ನಿಮಿಷಕ್ಕೆ.

ಹಳೇ ರೇಂಜರ್
ತುಂಬಾ ಸಂತೋಷ. ಈ ವರ್ಷ ಅಲ್ಲಿ ಮಳೆ ಹೇಗಾಗಿತ್ತಂತೆ?

ತೋಟದಮನೆ
ಸರ್, ಅದನ್ನೇ ಮಾವನೂ ಕೇಳಿದ್ದರು. ನಡಿಗೆ ಮುಗಿಯೋ ಹತ್ತಿರ ಒಂದು ಹಳೇ ಮೆಟ್ಟಿಲುಬಾವಿ ಇತ್ತು, ಅಲ್ಲಿ ಕೂತಿದ್ವಿ. ಮಾವನಿಗೆ ಗೊತ್ತಲ್ಲ, ಎಲ್ಲಿ ಹೋದರೂ "ಎಷ್ಟು ಇಂಚು?" ಮನೆಯಲ್ಲಿ 1991ರಿಂದ ಮಳೆ ಪುಸ್ತಕ ಬರೆದಿದ್ದಾರೆ, ಇಂಚು ಸೆಂಟ್ಸ್ ಸಮೇತ. ಗೈಡ್‌ಗೆ ಇಂಚು ಅರ್ಥ ಆಗಲಿಲ್ಲ. ಮಾವ ಬೆರಳಲ್ಲಿ ತೋರಿಸಿದರು. ಅವನು ತಲೆಯಾಡಿಸಿ ಎದ್ದು ಬಾವಿಯೊಳಗೆ ಇಳಿದು ಹೋದ. ನೀರಿನಿಂದ ಸುಮಾರು ಹತ್ತು ಮೆಟ್ಟಿಲು ಮೇಲೆ ನಿಂತು ಕಾಲಲ್ಲಿ ತಟ್ಟಿ ತೋರಿಸಿದ, ಈ ಸಲ ಇಲ್ಲಿ ತನಕ ಬಂದಿತ್ತು. ಆಮೇಲೆ ಇನ್ನೂ ನಾಲ್ಕು ಮೆಟ್ಟಿಲು ಹತ್ತಿ, ನನ್ನ ಮದುವೆ ವರ್ಷ ಇಲ್ಲಿ ತನಕ. ಅಪ್ಪ ಸತ್ತ ವರ್ಷ ಎಲ್ಲಿ ಅಂತ ಮಾವ ಕೇಳಿದರು. ಅವನು ಕೆಳಗೆ, ನೀರಿನೊಳಗೆ ಕೈ ತೋರಿಸಿದ.

ಮಾವ ಮನೆಗೆ ಬಂದು ಮಳೆ ಪುಸ್ತಕದ ಕೊನೆ ಪುಟದಲ್ಲಿ ಬರೆದಿದ್ದಾರೆ: "ರಾಣಕ್‌ಪುರ ಬಾವಿ, 10 ಮೆಟ್ಟಿಲು."

ಕಕ್ಕಬ್ಬೆ ಜೇನು
ಸಾಂಗ್ರಿ ತಂದ್ರಾ?

ತೋಟದಮನೆ
ಎರಡು ಕೆಜಿ ಅಕ್ಕ. ಕಾಚಂಪುಲಿ ಎಷ್ಟು ಹಾಕಬೇಕು ಹೇಳಿ.

ಕಕ್ಕಬ್ಬೆ ಜೇನು
ರಾತ್ರಿ ನೆನೆಸಿ, ಬೆಳಿಗ್ಗೆ ಬೇಯಿಸಿ ನೀರು ಬಸಿದು, ಒಂದು ಹಿಡಿಗೆ ಅರ್ಧ ಚಮಚ ಸಾಕು. ನೆನೆಸಿದ ನೀರು ಮಾತ್ರ ಚೆಲ್ಲಬೇಡಿ, ಮಾವ ಬೈತಾರೆ. ಗಿಡಕ್ಕೆ ಹಾಕಿ.